ಮಗುವಿನ ಮನೋವೈಜ್ಞಾನಿಕ ವರದಿ: ಟೀಚರಿಗೂ ಅಮ್ಮನಿಗೂ ಅರ್ಥವಾಗುವ ಹಾಗೆ ಬರೆಯುವುದು ಹೇಗೆ?

"ಮೇಡಂ, ರಿಪೋರ್ಟ್ ಫಾರ್ಮ್ಯಾಟ್ ಇದ್ರೆ ಕಳಿಸ್ತೀರಾ?"

ವಾರಕ್ಕೊಮ್ಮೆಯಾದರೂ ಈ ಮೆಸೇಜ್ ಬರುತ್ತದೆ. ಕೇಳುವವರು ದಾವಣಗೆರೆ, ಹರಿಹರ, ಚಿತ್ರದುರ್ಗ, ಹೊಸದುರ್ಗದ ಕಡೆಯ ಶಾಲೆಗಳಲ್ಲಿ ಹೊಸದಾಗಿ ಕೌನ್ಸೆಲರ್ ಆಗಿ ಸೇರಿದವರು. ಎಂ.ಎಸ್ಸಿ. ಸೈಕಾಲಜಿ ಈಗಷ್ಟೇ ಮುಗಿಸಿದವರು. ಫಾರ್ಮ್ಯಾಟ್ ಕಳಿಸುತ್ತೇನೆ. ಎರಡು ತಿಂಗಳು ಬಿಟ್ಟು ಅವರು ಬರೆದ ವರದಿ ನೋಡಿದರೆ ತಲೆಬರಹಗಳೆಲ್ಲ ಸರಿ ಇರುತ್ತವೆ. ಮಗು ಮಾತ್ರ ಅದರಲ್ಲಿ ಕಾಣುವುದಿಲ್ಲ.

ನಾನೂ ಹಾಗೇ ಬರೆದವಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹುಡುಗಿಗೆ 14 ಪುಟದ ವರದಿಯನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ಮರುವರ್ಷ ಅವಳ ತಾಯಿ ಅದರ ಮೊದಲ ಪುಟಕ್ಕೆ ಲ್ಯಾಮಿನೇಷನ್ ಮಾಡಿಸಿಕೊಂಡು ಬಂದಿದ್ದರು. "ಇದ್ರಾಗೆ ಏನು ಬರ್ದೀರಿ ಮೇಡಂ? ಯಾರೂ ಓದಿ ಹೇಳ್ಲಿಲ್ಲ" ಎಂದರು. ಒಂದು ವರ್ಷ ಆ ಮಗುವಿಗೆ ಸಿಗಬೇಕಾದ ಸಹಾಯ ಸಿಕ್ಕಿರಲಿಲ್ಲ. ಅಂದಿನಿಂದ ನನಗೆ ಇರುವುದು ಒಂದೇ ಅಳತೆ. ವರದಿಯನ್ನು ತಾಯಿಯ ಎದುರು ಕೂತು ಓದಿ ಹೇಳಲು ಆಗಬೇಕು, ಸೋಮವಾರ ಬೆಳಿಗ್ಗೆ ಕ್ಲಾಸ್ ಟೀಚರ್ ಅದರಿಂದ ಒಂದು ಕೆಲಸ ಶುರು ಮಾಡಲು ಆಗಬೇಕು.

ಕೆಳಗಿನ ಹಂತಗಳಲ್ಲಿ ಒಬ್ಬ ಹುಡುಗನ ಉದಾಹರಣೆ ಬರುತ್ತದೆ. ಅವನು ಕಲ್ಪನೆಯ ಹುಡುಗ. ನಾಲ್ಕನೇ ಕ್ಲಾಸ್, ವಯಸ್ಸು 9, ಸರ್ಕಾರಿ ಶಾಲೆ, ನ್ಯಾಮತಿ ಕಡೆಯ ತಾಂಡಾದವನು, ಮನೆಯಲ್ಲಿ ಲಂಬಾಣಿ ಮಾತು.

ಹಂತ 1: ದೂರನ್ನು ಪ್ರಶ್ನೆ ಮಾಡಿಕೊಳ್ಳಿ

ಶಾಲೆಯಿಂದ ಬರುವ ಚೀಟಿಯಲ್ಲಿ "ಓದಿನಲ್ಲಿ ಹಿಂದೆ", "ಗಮನ ಇಲ್ಲ", "ಹಠ ಜಾಸ್ತಿ" ಎಂದಿರುತ್ತದೆ. ಇವು ದೂರುಗಳು. ದೂರು ಹಿಡಿದುಕೊಂಡು ಪರೀಕ್ಷೆಗೆ ಕೂತರೆ ಕೈಗೆ ಸಿಕ್ಕ ಪರೀಕ್ಷೆಯನ್ನೆಲ್ಲ ಮಾಡುತ್ತೀರಿ, ಕೊನೆಗೆ ಯಾವುದಕ್ಕೂ ಉತ್ತರ ಇರುವುದಿಲ್ಲ.

ಮೊದಲು ಕ್ಲಾಸ್ ಟೀಚರ್ ಜೊತೆ ಹತ್ತು ನಿಮಿಷ ಕೂರಿ. ತೊಂದರೆ ಯಾವ ಪಿರಿಯಡ್‌ನಲ್ಲಿ? ಯಾವಾಗಿನಿಂದ? ನೀವು ಈಗಾಗಲೇ ಏನು ಮಾಡಿ ನೋಡಿದ್ದೀರಿ? ವರದಿ ಬಂದ ಮೇಲೆ ಏನು ಗೊತ್ತಾದರೆ ನಿಮಗೆ ಅನುಕೂಲ? ಈ ಕೊನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ. ತಾಯಿಯನ್ನೂ ಕೇಳಿ. ಅವರ ಪ್ರಶ್ನೆ ಬೇರೆಯೇ ಇರುತ್ತದೆ. "ಇವನಿಗೆ ತಲೆ ಓಡಲ್ವಾ, ಇಲ್ಲ ಸೋಮಾರಿನಾ?" ಎಂದು ಕೇಳಿದರೆ ಅದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ.

ನಮ್ಮ ಹುಡುಗನಿಗೆ ಮೂರು ಪ್ರಶ್ನೆ ಸಾಕು. ಬಾಯಲ್ಲಿ ಸರಿಯಾಗಿ ಉತ್ತರ ಹೇಳುವವನು ಬರೆಯುವಾಗ ಯಾಕೆ ನಿಂತುಬಿಡುತ್ತಾನೆ? ಮನೆ ಮಾತು ಬೇರೆ ಆಗಿರುವುದು ಕಾರಣವೋ, ಬೇರೇನೋ? ಐದನೇ ಕ್ಲಾಸಿಗೆ ಹೋಗುವುದರೊಳಗೆ ಟೀಚರ್ ಏನು ಮಾಡಬಹುದು? ವರದಿ ಶುರುವಾಗುವುದು ಈ ಮೂರರಿಂದ. ಮುಗಿಯುವುದು ಇವುಗಳ ಉತ್ತರದಿಂದ.

ಹಂತ 2: ಪರೀಕ್ಷೆಗೆ ಮುಂಚೆ ನೋಡಬೇಕಾದದ್ದು

ವಯಸ್ಸು. ಪರೀಕ್ಷೆಯ ಅಂಕ ಲೆಕ್ಕ ಹಾಕುವುದೇ ವರ್ಷ, ತಿಂಗಳ ಮೇಲೆ. ನಮ್ಮ ಹಳ್ಳಿಗಳಲ್ಲಿ ಶಾಲೆಗೆ ಸೇರಿಸುವಾಗ ಜೂನ್ 1 ಎಂದು ಬರೆಸುವ ರೂಢಿ ಇತ್ತು. ಈಗಲೂ ಅಂಥ ದಾಖಲೆ ಸಿಗುತ್ತವೆ. ದಾಖಲಾತಿ ಪುಸ್ತಕ ಒಂದನ್ನೇ ನಂಬಬೇಡಿ. ತಾಯಿ ಕಾರ್ಡ್ ಅಥವಾ ಜನನ ಪ್ರಮಾಣಪತ್ರ ತರಿಸಿ ನೋಡಿ.

ಕಣ್ಣು ಮತ್ತು ಕಿವಿ. ಬೋರ್ಡ್ ಕಾಣದ ಮಗುವಿಗೆ ಗಮನ ಇಲ್ಲ ಎಂದು ಬರೆಯುವುದು ದೊಡ್ಡ ಅನ್ಯಾಯ. ಎರಡನ್ನೂ ತಪಾಸಣೆ ಮಾಡಿಸಿದ ಮೇಲೆಯೇ ಮುಂದಿನ ಮಾತು. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಒಂದು ಚೀಟಿ ಬರೆದುಕೊಟ್ಟರೆ ಆಯಿತು.

ಹಾಜರಿ. ರಿಜಿಸ್ಟರ್ ತೆರೆದು ದಿನ ಎಣಿಸಿ. ತಾಂಡಾಗಳಿಂದ ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಹೋಗುವ ಮನೆಯವರು ಮಕ್ಕಳನ್ನೂ ಕರೆದುಕೊಂಡು ಹೋಗುತ್ತಾರೆ. ಮೂರು ವರ್ಷವೂ ನಡುವಿನ ಎರಡು ತಿಂಗಳು ತಪ್ಪಿಸಿಕೊಂಡ ಮಗು ಓದಲು ಕಲಿಯದಿದ್ದರೆ ಅದಕ್ಕೆ ಕಲಿಕಾ ನ್ಯೂನತೆ ಎಂದು ಹೆಸರಿಡಲು ಆಗುವುದಿಲ್ಲ. ಕಲಿಯಲು ಸರಿಯಾದ ಅವಕಾಶ ಸಿಕ್ಕಿದ್ದೂ ಕಲಿಯಲಾಗದಿದ್ದರೆ ಮಾತ್ರ ಆ ಮಾತು ಬರುತ್ತದೆ.

ಮನೆ ಮಾತು. ದಾವಣಗೆರೆ ಪೇಟೆಯಲ್ಲಿ ಉರ್ದು, ಮರಾಠಿ, ಚಳ್ಳಕೆರೆ, ಮೊಳಕಾಲ್ಮೂರು ಕಡೆ ತೆಲುಗು, ತಾಂಡಾಗಳಲ್ಲಿ ಲಂಬಾಣಿ. ಮಗು ಮನೆಯಲ್ಲಿ ಯಾವ ಮಾತಾಡುತ್ತದೆ, ಕನ್ನಡ ಎಷ್ಟು ವರ್ಷದಿಂದ ಕೇಳುತ್ತಿದೆ, ಪರೀಕ್ಷೆಯನ್ನು ಯಾವ ಭಾಷೆಯಲ್ಲಿ ಮಾಡಿದಿರಿ, ನಡುವೆ ಯಾರಾದರೂ ಅನುವಾದ ಮಾಡಿ ಹೇಳಿದರಾ, ಇಷ್ಟೂ ವರದಿಯಲ್ಲಿ ಇರಲೇಬೇಕು.

ಹಂತ 3: ಕ್ಲಾಸಿನಲ್ಲಿ ಕೂತು ನೋಡಿ, ನೋಡಿದ್ದನ್ನೇ ಬರೆಯಿರಿ

ಪರೀಕ್ಷಾ ಕೋಣೆಯಲ್ಲಿ ಮಗು ಒಂದನ್ನೇ ಕೂರಿಸಿಕೊಂಡು ನೋಡಿದ್ದು ಅರ್ಧ ಮಾತ್ರ. ಹಿಂದಿನ ಬೆಂಚಿನಲ್ಲಿ ಒಂದು ಪಿರಿಯಡ್ ಕೂರಿ. ಬರೆಯುವಾಗ ತೀರ್ಪು ಬೇಡ, ನಡೆದದ್ದು ಬೇಕು.

ಹೀಗೆ ಬರೆದರೆ ಉಪಯೋಗವಿಲ್ಲ: "ಮಗುವಿಗೆ ಏಕಾಗ್ರತೆಯ ಕೊರತೆ ಕಂಡುಬಂದಿದೆ."

ಹೀಗೆ ಬರೆಯಿರಿ: "ಕನ್ನಡ ಪಾಠದಲ್ಲಿ ಮೇಷ್ಟ್ರು ಹತ್ತು ನಿಮಿಷ ಕಥೆ ಹೇಳಿದರು. ಹುಡುಗ ಒಮ್ಮೆಯೂ ಅತ್ತಿತ್ತ ತಿರುಗಲಿಲ್ಲ. ಕೇಳಿದ ಎರಡು ಪ್ರಶ್ನೆಗೂ ಕೈ ಎತ್ತಿ ಉತ್ತರ ಹೇಳಿದ. ಬೋರ್ಡ್ ನೋಡಿ ಬರೆದುಕೊಳ್ಳಿ ಎಂದ ಕೂಡಲೇ ಪೆನ್ಸಿಲ್ ಚೂಪು ಮಾಡಲು ಎದ್ದ. ಆಮೇಲೆ ಒಂದೊಂದು ಅಕ್ಷರಕ್ಕೂ ತಲೆ ಎತ್ತಿ ಬೋರ್ಡ್ ನೋಡುತ್ತಿದ್ದ. ಇವನು ಎರಡು ಸಾಲು ಬರೆಯುವಷ್ಟರಲ್ಲಿ ಪಕ್ಕದವನು ಆರು ಸಾಲು ಬರೆದಿದ್ದ."

ವ್ಯತ್ಯಾಸ ಗೊತ್ತಾಯಿತು ಅಲ್ವಾ? ಮೊದಲನೆಯದನ್ನು ಓದಿದ ಟೀಚರ್ "ನಾನೂ ಅದನ್ನೇ ಹೇಳಿದ್ದು" ಎನ್ನುತ್ತಾರೆ. ಎರಡನೆಯದನ್ನು ಓದಿದವರಿಗೆ ತೊಂದರೆ ಗಮನದಲ್ಲಿ ಇಲ್ಲ, ಅಕ್ಷರದಲ್ಲಿ ಇದೆ ಎಂದು ತಾನಾಗಿಯೇ ಹೊಳೆಯುತ್ತದೆ.

ಹಂತ 4: ಅಂಕೆಗಳನ್ನು ಮಾತಿಗೆ ತನ್ನಿ

ನಮ್ಮ ಕಡೆ ಹೆಚ್ಚಾಗಿ ಬಳಕೆಯಲ್ಲಿರುವ ಬುದ್ಧಿಮಟ್ಟದ ಪರೀಕ್ಷೆಗಳು ಬಿನೆ-ಕಾಮತ್ ಮತ್ತು ಮಾಲಿನ್ ಅವರ ಮಿಸಿಕ್. ಬಿನೆ ಪರೀಕ್ಷೆಯನ್ನು ವಿ.ವಿ. ಕಾಮತ್ ಅವರು 1930ರ ದಶಕದಲ್ಲಿ ಧಾರವಾಡದಲ್ಲಿದ್ದು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದರು. ಮಿಸಿಕ್ 1960ರ ದಶಕದ್ದು. ಎರಡೂ ಹಳೆಯವು. ಹಳೆಯ ಮಕ್ಕಳ ಅಂಕದ ಜೊತೆ ಈಗಿನ ಮಗುವನ್ನು ಹೋಲಿಸಿದರೆ ಅಂಕ ಸ್ವಲ್ಪ ಜಾಸ್ತಿ ಬರುವ ಸಾಧ್ಯತೆ ಇದೆ. ವರದಿಯಲ್ಲಿ ಒಂದು ಸಾಲಿನಲ್ಲಿ ಇದನ್ನು ಹೇಳಿ. ಓದು-ಬರಹಕ್ಕೆ ನಿಮ್ಹಾನ್ಸ್‌ನ ಕಲಿಕಾ ನ್ಯೂನತೆ ಪರೀಕ್ಷಾ ಗುಚ್ಛ ಇದೆ. 5ರಿಂದ 7 ವರ್ಷಕ್ಕೆ ಒಂದು ಹಂತ, 8ರಿಂದ 12ಕ್ಕೆ ಇನ್ನೊಂದು. ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದವರ ಡಾಲಿ ಎಂಬ ಪರೀಕ್ಷೆ ಕನ್ನಡದಲ್ಲೂ ಇದೆ. ಅದು ಭಾರತೀಯ ಭಾಷೆಗಳಲ್ಲಿ ಡಿಸ್ಲೆಕ್ಸಿಯಾ, ಅಂದರೆ ಓದುವ ತೊಂದರೆ, ಗುರುತಿಸಲು ಮಾಡಿದ್ದು.

ಇನ್ನು ಅಂಕೆ. ಇಂಥ ಪರೀಕ್ಷೆಗಳಲ್ಲಿ ಸರಾಸರಿ 100. 85 ಬಂದರೆ ಪರ್ಸೆಂಟೈಲ್ ಸುಮಾರು 16. ತಾಯಿಗೆ ಇದು ಹೇಗೆ ಕೇಳಿಸುತ್ತದೆ ಗೊತ್ತಾ? "ನೂರಕ್ಕೆ ಹದಿನಾರು, ಫೇಲು." ಪರ್ಸೆಂಟೈಲ್ ಎಂದರೆ ಶೇಕಡಾ ಅಂಕ ಅಲ್ಲ. ಹೀಗೆ ಬರೆಯಿರಿ: "ಇದೇ ವಯಸ್ಸಿನ 100 ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು 16 ಮಕ್ಕಳು ಇವನಿಗಿಂತ ಹಿಂದೆ, ಉಳಿದವರು ಇವನಿಗಿಂತ ಮುಂದೆ ಇರುತ್ತಾರೆ." ಒಂದೇ ಅಂಕೆಯನ್ನು ಕಲ್ಲಿನಲ್ಲಿ ಕೆತ್ತಿದ ಹಾಗೆ ಬರೆಯಬೇಡಿ. ಇವತ್ತು 92 ಬಂದ ಮಗುವಿಗೆ ಜ್ವರ ಬಂದ ದಿನ 87 ಬರಬಹುದು. ಮ್ಯಾನುಯಲ್‌ನಲ್ಲಿ ಕೊಟ್ಟ ವ್ಯಾಪ್ತಿಯನ್ನೇ ಬರೆಯಿರಿ. ಅಂಕೆಗಳ ಪಟ್ಟಿ ಕೊನೆಯ ಪುಟದಲ್ಲಿ ಇರಲಿ. ಮುಂದೆ ನೋಡುವ ತಜ್ಞರಿಗೆ ಅದು ಬೇಕು.

ಪರಿಭಾಷೆಯೂ ಹಾಗೇ. "ವರ್ಕಿಂಗ್ ಮೆಮೊರಿ ಕಡಿಮೆ" ಎಂದು ಬಿಡಬೇಡಿ. "ಕೇಳಿದ್ದನ್ನು ಮನಸ್ಸಿನಲ್ಲಿ ಹಿಡಿದುಕೊಂಡೇ ಕೆಲಸ ಮಾಡುವುದು ಕಷ್ಟ. ಮೂರು ಕೆಲಸ ಒಟ್ಟಿಗೆ ಹೇಳಿದರೆ ಮೊದಲನೆಯದನ್ನು ಮಾತ್ರ ಮಾಡುತ್ತಾನೆ" ಎನ್ನಿ. ಪರೀಕ್ಷೆಯ ಪ್ರಶ್ನೆಗಳನ್ನು ಮಾತ್ರ ಯಾವ ಕಾರಣಕ್ಕೂ ಉದಾಹರಣೆಯಾಗಿ ಹಾಕಬೇಡಿ. ಒಮ್ಮೆ ಹೊರಗೆ ಹೋದ ಪ್ರಶ್ನೆ ಮುಂದಿನ ಮಗುವಿಗೆ ಕೆಲಸಕ್ಕೆ ಬರುವುದಿಲ್ಲ.

ಹಂತ 5: ಕನ್ನಡದ ತಪ್ಪನ್ನು ಕನ್ನಡದ ಕಣ್ಣಿಂದ ನೋಡಿ

ನಾನು ನೋಡುವ ವರದಿಗಳಲ್ಲಿ ಹೆಚ್ಚು ಎಡವುವುದು ಇಲ್ಲೇ. ಇಂಗ್ಲಿಷ್ ಮಾದರಿಯಿಂದ "ಬಿ ಮತ್ತು ಡಿ ಅಕ್ಷರ ತಿರುವುಮುರುವು" ಎಂಬ ಸಾಲನ್ನು ನಕಲು ಮಾಡಿ ಹಾಕಿರುತ್ತಾರೆ. ಮಗು ಓದುವುದು ಕನ್ನಡ!

ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಕನ್ನಡದ ಮಗು ನೂರಾರು ರೂಪ ಕಲಿಯಬೇಕು. ಅವೆಲ್ಲ ಕೈಗೆ ಹತ್ತುವಷ್ಟರಲ್ಲಿ ಮೂರು, ನಾಲ್ಕನೇ ತರಗತಿ ಆಗಿರುತ್ತದೆ. ಆದ್ದರಿಂದ ಒಂದನೇ ಕ್ಲಾಸಿನ ಮಗು ಒತ್ತು ಬಿಟ್ಟರೆ ಗಾಬರಿ ಬೇಡ. ನಾಲ್ಕನೇ ಕ್ಲಾಸಿನಲ್ಲಿ, ಸರಿಯಾಗಿ ಶಾಲೆಗೆ ಬಂದ ಮೇಲೂ, ಓದುವಾಗಲೂ ಬರೆಯುವಾಗಲೂ ಬಿಡುತ್ತಿದ್ದರೆ ಅದಕ್ಕೆ ತೂಕ ಇದೆ.

ತಪ್ಪುಗಳನ್ನು ಬಿಡಿಸಿ ನೋಡಿ. "ಪುಸ್ತಕ" ಹೋಗಿ "ಪುಸತಕ" ಆದರೆ ಒತ್ತು ಬಿಟ್ಟಿದ್ದಾನೆ. "ಶಾಲೆ" ಹೋಗಿ "ಶಲೆ" ಆದರೆ ದೀರ್ಘ ಬಿಟ್ಟಿದ್ದಾನೆ. "ಮರ" ಎಂಬಲ್ಲಿ "ವರ" ಎಂದು ಬರೆದರೆ ಒಂದೇ ತರ ಕಾಣುವ ಅಕ್ಷರಗಳಲ್ಲಿ ಗೊಂದಲ. ಆದರೆ "ಭಾಷೆ" ಹೋಗಿ "ಬಾಸೆ" ಆದರೆ? ಅದು ಮನೆಯಲ್ಲಿ, ಓಣಿಯಲ್ಲಿ ಆಡುವ ಮಾತು. ಅವನ ಅಜ್ಜಿಯೂ ಹಾಗೇ ಹೇಳುತ್ತಾರೆ. ಮಹಾಪ್ರಾಣ ಬಿಟ್ಟಿದ್ದನ್ನು ನ್ಯೂನತೆಯ ಲೆಕ್ಕಕ್ಕೆ ಸೇರಿಸಬೇಡಿ. ನಾನು ಎರಡು ಕಾಲಂ ಮಾಡುತ್ತೇನೆ. ಒಂದರಲ್ಲಿ ಆಡುಮಾತಿನಿಂದ ಬಂದ ತಪ್ಪು, ಇನ್ನೊಂದರಲ್ಲಿ ಅಕ್ಷರ ಹಿಡಿಯಲಾಗದೆ ಬಂದ ತಪ್ಪು. ಎರಡನೇ ಕಾಲಂ ಮಾತ್ರ ತೀರ್ಮಾನಕ್ಕೆ ಹೋಗುತ್ತದೆ.

ಹಂತ 6: ತೀರ್ಮಾನದಲ್ಲಿ ನಿಮ್ಮ ಗಡಿ ದಾಟಬೇಡಿ

ಶಾಲೆಯ ಕೌನ್ಸೆಲರ್ ಆದ ಮಾತ್ರಕ್ಕೆ "ಎಡಿಎಚ್‌ಡಿ ಇದೆ" (ಗಮನ ನಿಲ್ಲದ, ಚಟುವಟಿಕೆ ಅತಿಯಾದ ತೊಂದರೆ), "ಆಟಿಸಂ ಇದೆ" ಎಂದು ಬರೆಯಲು ಆಗುವುದಿಲ್ಲ. ಅದು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ಕ್ಲಿನಿಕಲ್ ಸೈಕಾಲಜಿಸ್ಟ್ ಮತ್ತು ವೈದ್ಯರ ಕೆಲಸ. ನೀವು ಬರೆಯಬಹುದಾದದ್ದು: "ಈ ಲಕ್ಷಣಗಳು ಕಂಡಿವೆ, ಇಂಥ ತಪಾಸಣೆ ಬೇಕು." ಎಲ್ಲಿಗೆ ಕಳಿಸಬೇಕು ಎಂದೂ ಬರೆಯಿರಿ. ದಾವಣಗೆರೆಯಲ್ಲೇ ಸಿ.ಆರ್.ಸಿ. ಇದೆ, ಅಂದರೆ ಅಂಗವಿಕಲರ ಪುನರ್ವಸತಿಗೆ ಕೇಂದ್ರ ಸರ್ಕಾರ ನಡೆಸುವ ಸಂಯುಕ್ತ ಪ್ರಾದೇಶಿಕ ಕೇಂದ್ರ. ಇನ್ನೂ ಮುಂದಕ್ಕೆ ಬೇಕಾದರೆ ಮಾನಸಿಕ ಆರೋಗ್ಯ ಸಂಸ್ಥೆಗಳಾದ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್. ಮಾತು, ಶ್ರವಣದ ತೊಂದರೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ.

ಪೋಷಕರು ತಪ್ಪದೆ ಕೇಳುವ ಪ್ರಶ್ನೆ, "ಇದನ್ನ ತೋರಿಸಿದ್ರೆ ಪರೀಕ್ಷೇಲಿ ಟೈಮ್ ಜಾಸ್ತಿ ಕೊಡ್ತಾರಾ?" ನಿಮ್ಮ ವರದಿ ಪ್ರಮಾಣಪತ್ರ ಅಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಹಾಕಿ. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ಅಂಗವಿಕಲತೆ ಮಾತ್ರ ಇತ್ತು. 2016ರ ಕಾಯ್ದೆಯಲ್ಲಿ 21 ಆಯಿತು, ಕಲಿಕಾ ನ್ಯೂನತೆಯೂ ಸೇರಿತು. ಪ್ರಮಾಣಪತ್ರ ಕೊಡುವುದು ಸರ್ಕಾರ ಗೊತ್ತುಮಾಡಿದ ವೈದ್ಯಕೀಯ ಪ್ರಾಧಿಕಾರ. ಅದು ಸಿಕ್ಕರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ಸಹಾಯದಂಥ ಸೌಲಭ್ಯ ಕೇಳಬಹುದು. ಹತ್ತನೇ ಕ್ಲಾಸಿನ ಜನವರಿಯಲ್ಲಿ ಓಡಾಡಿದರೆ ಆಗುವುದಿಲ್ಲ. ಎಂಟನೇ ಕ್ಲಾಸಿನಲ್ಲೇ ಹೇಳಿಬಿಡಿ.

ಹಂತ 7: ಸಲಹೆಗಳು

ನಿಮ್ಮ ಸಮಯದಲ್ಲಿ ಅರ್ಧ ಇಲ್ಲಿಗೆ ಇಡಿ. ಉಳಿದದ್ದನ್ನೆಲ್ಲ ಯಾರೂ ಓದದಿದ್ದರೂ ಈ ಪುಟ ಓದುತ್ತಾರೆ.

"ವೈಯಕ್ತಿಕ ಗಮನ ನೀಡಿ", "ಪ್ರೋತ್ಸಾಹಿಸಿ", "ಪರಿಹಾರ ಬೋಧನೆ ಅಗತ್ಯ". ಇಂಥ ಸಾಲು ಬರೆದರೆ ಬರೆಯದಿದ್ದ ಹಾಗೆ. 45 ಮಕ್ಕಳಿರುವ ಕ್ಲಾಸಿನಲ್ಲಿ ಮಿಸ್ ಒಬ್ಬನಿಗೆ ವೈಯಕ್ತಿಕ ಗಮನ ಹೇಗೆ ಕೊಡಬೇಕು? ಪ್ರತಿ ಸಲಹೆಯಲ್ಲೂ ಯಾರು, ಏನು, ಎಷ್ಟು ಹೊತ್ತು, ಎಲ್ಲಿಯವರೆಗೆ ಎಂಬುದು ಇರಲಿ. ಐದಕ್ಕಿಂತ ಜಾಸ್ತಿ ಬೇಡ. ಇಪ್ಪತ್ತು ಸಲಹೆ ಕೊಟ್ಟರೆ ಒಂದೂ ಆಗುವುದಿಲ್ಲ.

ನಮ್ಮ ಹುಡುಗನಿಗೆ ನಾನು ಬರೆಯುವುದು ಹೀಗೆ:

"ಕನ್ನಡ ಮೇಷ್ಟ್ರು: ದಿನಕ್ಕೆ 5 ಒತ್ತಕ್ಷರದ ಪದ, 10 ನಿಮಿಷ. ಮೊದಲು ಬಾಯಲ್ಲಿ ಬಿಡಿಸಿ ಹೇಳಿಸಿ (ಪು-ಸ್-ತ-ಕ), ಆಮೇಲೆ ಬರೆಸಿ. ಆರು ವಾರ.

ಎಲ್ಲ ಟೀಚರುಗಳು: ಬೋರ್ಡಿನಲ್ಲಿ ಹತ್ತು ಸಾಲು ಇದ್ದರೆ ಇವನು ನಾಲ್ಕು ಬರೆದರೆ ಸಾಕು. ಉಳಿದದ್ದನ್ನು ಪಕ್ಕದವನ ನೋಟ್ಸಿನಿಂದ ಜೆರಾಕ್ಸ್ ಮಾಡಿಸಿ ಅಂಟಿಸಲಿ.

ಎಲ್ಲ ಟೀಚರುಗಳು: ಎಬ್ಬಿಸಿ ನಿಲ್ಲಿಸಿ ಎಲ್ಲರ ಎದುರು ಓದಿಸಬೇಡಿ. ಓದಿಸಲೇಬೇಕೆಂದರೆ ಯಾವ ಪ್ಯಾರಾ ಎಂದು ಹಿಂದಿನ ದಿನವೇ ಹೇಳಿ.

ಪರಿಸರ ಅಧ್ಯಯನದ ಕಿರುಪರೀಕ್ಷೆ: ಅರ್ಧ ಪ್ರಶ್ನೆಗಳಿಗೆ ಬಾಯಲ್ಲಿ ಉತ್ತರ ತೆಗೆದುಕೊಳ್ಳಿ.

ಮನೆಯಲ್ಲಿ: ರಾತ್ರಿ ಊಟದ ಹೊತ್ತಿಗೆ ಶಾಲೆಯ ಒಂದು ಪಾಠವನ್ನು ಲಂಬಾಣಿಯಲ್ಲೇ ಅಮ್ಮನಿಗೆ ಹೇಳಲಿ. ಅಮ್ಮನಿಗೆ ಓದಲು ಬರದಿದ್ದರೂ ತೊಂದರೆ ಇಲ್ಲ, ಕೇಳಿದರೆ ಸಾಕು."

ಕೊನೆಯದನ್ನು ಬೇಕೆಂದೇ ಹಾಕಿದ್ದೇನೆ. ಓದು ಬರದ ತಾಯಿಗೆ "ಮನೆಯಲ್ಲಿ ದಿನಾ ಓದಿಸಿ" ಎಂದು ಬರೆದುಕೊಟ್ಟರೆ ಅವರು ತಲೆ ತಗ್ಗಿಸಿ ಹೋಗುತ್ತಾರೆ, ಮತ್ತೆ ಬರುವುದಿಲ್ಲ. ಸರ್ಕಾರಿ ಶಾಲೆಯಾದರೆ ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿರುವ ಬಿ.ಐ.ಇ.ಆರ್.ಟಿ. ಅವರಿಗೂ ಒಂದು ಪ್ರತಿ ಹೋಗಲಿ. ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಇರುವ ಶಿಕ್ಷಕರು ಅವರು.

ಹಂತ 8: ಬರೆಯಬಾರದ್ದು

ಕೌನ್ಸೆಲಿಂಗ್ ಹೊತ್ತಿನಲ್ಲಿ ಮನೆಯ ಮಾತು ಎಷ್ಟೋ ಬರುತ್ತದೆ. ಅಪ್ಪ ಕುಡಿಯುತ್ತಾರೆ, ಅಮ್ಮ ತವರಿಗೆ ಹೋಗಿದ್ದಾರೆ, ಸಾಲ ಇದೆ. ವರದಿ ಸ್ಟಾಫ್ ರೂಮಿನ ಬೀರುವಿನಲ್ಲಿ ಇರುವಂಥದ್ದು, ಯಾರಾದರೂ ತೆಗೆದು ನೋಡುತ್ತಾರೆ. ಟೀಚರಿಗೆ ಬೇಕಾದಷ್ಟೇ ಬರೆಯಿರಿ. "ತಂದೆ ಕುಡುಕ" ಎನ್ನುವ ಬದಲು "ಸಂಜೆ ಮನೆಯಲ್ಲಿ ಓದಲು ನೆಮ್ಮದಿಯ ಹೊತ್ತು ಸಿಗುವುದಿಲ್ಲ. ಹೋಂವರ್ಕನ್ನು ಶಾಲೆಯಲ್ಲೇ ಮುಗಿಸಲು ಅರ್ಧ ಗಂಟೆ ಕೊಡಿ" ಎಂದರೆ ಕೆಲಸವೂ ಆಗುತ್ತದೆ, ಮನೆಯ ಮರ್ಯಾದೆಯೂ ಉಳಿಯುತ್ತದೆ.

ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಅದು ಈ ವರದಿಯ ವಿಷಯವೇ ಅಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದು ಅಪರಾಧ. ವರದಿ ಮುಗಿಯಲಿ ಎಂದು ಕಾಯಬೇಡಿ. ಮಕ್ಕಳ ಸಹಾಯವಾಣಿ 1098 ಇದೆ.

ವರದಿಯ ಫೋಟೊ ತೆಗೆದು ಶಾಲೆಯ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಒಳ್ಳೆಯ ಮನಸ್ಸಿನವರೇ ಈ ತಪ್ಪು ಮಾಡುತ್ತಾರೆ, ಅದಕ್ಕೇ ಹೇಳುತ್ತಿದ್ದೇನೆ.

ಹಂತ 9: ಮೊದಲ ಪುಟವನ್ನು ಕೊನೆಗೆ ಬರೆಯಿರಿ

ಒಟ್ಟು ನಾಲ್ಕು ಪುಟ ಸಾಕು. ಮೊದಲ ಪುಟದಲ್ಲಿ ಸಾರಾಂಶ, ಸರಳ ಕನ್ನಡದಲ್ಲಿ. ಶಾಲೆಯವರು ಇಂಗ್ಲಿಷ್ ವರದಿಯೇ ಬೇಕು ಎಂದರೆ ಒಳಗಿನ ಪುಟ ಇಂಗ್ಲಿಷ್ ಇರಲಿ, ಈ ಪುಟ ಮಾತ್ರ ಕನ್ನಡದಲ್ಲೇ ಇರಲಿ. ಮಗುವಿಗೆ ಬರುವುದರಿಂದ ಶುರು ಮಾಡಿ. ಸಮಾಧಾನಕ್ಕೆ ಹೇಳುವ ಮಾತಲ್ಲ ಅದು. ಟೀಚರ್ ಕಲಿಸಲು ಹಿಡಿಯಬೇಕಾದ ದಾರಿ ಅದೇ.

"ಹುಡುಗ ಕೇಳಿದ್ದನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾನೆ. ಕಥೆಯನ್ನು ಕ್ರಮವಾಗಿ ಹೇಳುತ್ತಾನೆ. ಯೋಚನಾ ಶಕ್ತಿ ಅವನ ವಯಸ್ಸಿನ ಮಕ್ಕಳಷ್ಟೇ ಇದೆ. ಅಕ್ಷರ ಗುರುತಿಸುವುದು, ಅದರಲ್ಲೂ ಒತ್ತು ಮತ್ತು ದೀರ್ಘ, ಅವನಿಗೆ ತುಂಬ ಕಷ್ಟ. ಲಂಬಾಣಿ ಮನೆ ಮಾತು ಆಗಿರುವುದು ಇದಕ್ಕೆ ಕಾರಣ ಅಲ್ಲ. ಒಂದನೇ ಕ್ಲಾಸಿನಿಂದ ಕನ್ನಡದಲ್ಲಿ ಕಲಿತಿದ್ದಾನೆ, ಮಾತಾಡುವ ಕನ್ನಡ ಚೆನ್ನಾಗಿದೆ, ಹಾಜರಿಯೂ ಸರಿ ಇದೆ. ಸೋಮಾರಿತನವೂ ಅಲ್ಲ. ಕಲಿಕಾ ನ್ಯೂನತೆ ಇದೆಯೇ ಎಂದು ಸಿ.ಆರ್.ಸಿ.ಯಲ್ಲಿ ತಪಾಸಣೆ ಮಾಡಿಸಬೇಕು. ಅದು ಆಗುವವರೆಗೂ ಕಾಯದೆ 3ನೇ ಪುಟದ ಐದು ಕೆಲಸ ಶುರು ಮಾಡಬಹುದು."

ಇದರಲ್ಲಿ ತಾಯಿ ಕೇಳಿದ ಪ್ರಶ್ನೆಗೂ ಉತ್ತರ ಇದೆ, ನೋಡಿ.

ಪರೀಕ್ಷೆ ಮುಗಿದ ಎರಡು ವಾರದೊಳಗೆ ವರದಿ ಕೊಡಿ. ಆಗಸ್ಟಿನಲ್ಲಿ ನೋಡಿದ ಮಗುವಿನ ವರದಿ ಫೆಬ್ರವರಿಯಲ್ಲಿ ಬಂದರೆ ಆ ವರ್ಷ ಹೋಯಿತು.

ಹಂತ 10: ಕೂತು ಓದಿ ಹೇಳಿ, ಆರು ವಾರಕ್ಕೆ ಮತ್ತೆ ಹೋಗಿ

ವರದಿಯನ್ನು ಮಗುವಿನ ಕೈಲಿ ಕೊಟ್ಟು ಕಳಿಸಬೇಡಿ. ತಾಯಿ, ಕ್ಲಾಸ್ ಟೀಚರ್ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮೊದಲ ಪುಟ ಜೋರಾಗಿ ಓದಿ. ಎಲ್ಲಿ ತಾಯಿಯ ಮುಖ ಗೊಂದಲವಾಗುತ್ತದೋ ಅಲ್ಲಿ ನಿಲ್ಲಿಸಿ, ಆ ಸಾಲನ್ನು ಪೆನ್ನಿನಲ್ಲೇ ತಿದ್ದಿ. "ನಿಮಗೆ ಏನು ಅರ್ಥ ಆಯ್ತು, ನನಗೆ ಹೇಳಿ" ಎಂದು ಕೇಳಿ. ಅವರು ಕೂಲಿ ಬಿಟ್ಟು ಬಂದಿರುತ್ತಾರೆ, ಆದ್ದರಿಂದ ಹೊತ್ತು ಅವರಿಗೆ ಅನುಕೂಲವಾದದ್ದು ಇರಲಿ.

ಆರು ವಾರ ಬಿಟ್ಟು ಅದೇ ಹಿಂದಿನ ಬೆಂಚಿನಲ್ಲಿ ಹೋಗಿ ಕೂರಿ. ಹುಡುಗನ ನೋಟ್ಸ್ ತೆಗೆದು ನೋಡಿ. ಐದರಲ್ಲಿ ಯಾವುದು ನಡೆಯಿತು, ಯಾವುದು ನಡೆಯಲಿಲ್ಲ, ಯಾಕೆ ನಡೆಯಲಿಲ್ಲ ಎಂದು ಮೇಷ್ಟ್ರನ್ನು ಕೇಳಿ. ನಡೆಯದ ಸಲಹೆಯನ್ನು ಹೊಡೆದುಹಾಕಿ, ಅದರ ಜಾಗದಲ್ಲಿ ಅವರಿಗೆ ಮಾಡಲು ಆಗುವಂಥದ್ದು ಬರೆಯಿರಿ. ತಾರೀಖು ಹಾಕಿ, ಆ ಒಂದು ಹಾಳೆಯನ್ನು ಮೂಲ ವರದಿಯ ಮೇಲೆ ಪಿನ್ ಮಾಡಿ.